ನಾಲ್ಕೂರಿನ ಹೊಗೆ

ಶ್ರೀ ಬಸವೇಶ್ವರ ಪ್ರಸನ್ನ

ಸವಣೂರು,
೨೦ ಜನವರಿ ೧೯೩೯

ಜೀವದ ಗೆಳೆಯ ಹಯಾತನಿಗೆ,

ಕುಬೇರಪ್ಪನ ಶರಣು, ಅದರ ಹಿಂದೆಯೇ ನಿನಗೆ ರೂಢಿಯಾದ ಸಲಾಮು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ವೀಳ್ಯದೆಲೆಯ ಬಳ್ಳಿ ಈ ವರ್ಷ ಚೆನ್ನಾಗಿ ಹಬ್ಬಿದೆ. ನಿನ್ನ ಉಬ್ಬಸ ಸೊಲ್ಲಾಪುರದ ಚಳಿಗೆ ಹೇಗಿದೆಯೋ? ಗಿರಣಿಯ ಹತ್ತಿಧೂಳು ಅದಕ್ಕೆ ಒಳ್ಳೆಯದಲ್ಲ ಎಂದು ನೀನು ಗಂಟುಮೂಟೆ ಕಟ್ಟುವಾಗಲೇ ಬಡಕೊಂಡಿದ್ದೆ.

ದಸರೆಗೆ ಮುಂಚೆ ನೀನು ಬರೆದ ಪತ್ರಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬಾಯಿತುಂಬ ಬೈದುಕೊಂಡಿರುತ್ತೀ, ಗೊತ್ತು. ಆದರೆ ನೀನು ಕೇಳಿದ್ದು ಕೂತಲ್ಲೇ ಹೇಳುವ ಮಾತಲ್ಲ. ಇನ್ನೊಂದು, ಈ ದುಂಡಗಿನ ಅಕ್ಷರ ನೋಡಿ ಹುಬ್ಬೇರಿಸಬೇಡ. ನನ್ನ ಕೈ ಈಗೀಗ ನಡುಗುತ್ತದೆ, ನಾನು ಹೇಳುತ್ತೇನೆ, ಸೊಸೆ ಹೊನ್ನವ್ವ ಬರೆಯುತ್ತಾಳೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತ ಹುಡುಗಿ, ಒಂದಕ್ಷರ ತಪ್ಪಿಸುವುದಿಲ್ಲ. ನಾನು ಬೈಗುಳ ಹೇಳಿದರೆ ಮಾತ್ರ ಬರೆಯದೆ ನಗುತ್ತಾಳೆ.

ನಿನ್ನ ಮನೆಯಾಕೆ ರೋಶನಬಿ ತೀರಿಹೋದ ಮೇಲೆ ನೀನು ಕಬಾಬಿನ ಅಂಗಡಿಗೆ ಬೀಗ ಹಾಕಿ, ಕೀಲಿ ನನ್ನ ಕೈಗಿಟ್ಟು, ಸೊಲ್ಲಾಪುರದ ಭಾವನ ಮನೆ ಸೇರಿದೆ. ಅವಳು ಮಸಾಲೆ ಅರೆಯುವುದು, ನೀನು ಕೆಂಡ ನೋಡುವುದು, ಹಾಗೆ ನಡೆದ ಅಂಗಡಿ ಅದು. ಒಂದು ಎತ್ತು ಬಿದ್ದ ಮೇಲೆ ಇನ್ನೊಂದನ್ನು ನೊಗಕ್ಕೆ ಹೂಡಲಾದೀತೇ? ಈಗ ನೀನೇ ಬರೆದಿದ್ದೀ, ಮತ್ತೆ ಕಬಾಬಿನ ಒಲೆ ಹೂಡುವ ಮನಸ್ಸಾಗಿದೆ, ಸವಣೂರೊಂದು ಬಿಟ್ಟು ಯಾವ ಊರಾದರೂ ಸರಿ, ಅಲ್ಲಲ್ಲಿಯ ಕಬಾಬಿನ ಅಂಗಡಿಗಳನ್ನು ನೋಡಿ ಬಕ್ರೀದಿನೊಳಗೆ ಒಂದೂರು ಹೇಳು, ಇಲ್ಲದಿದ್ದರೆ ಗಿರಣಿಯ ಅಡುಗೆಮನೆಯಲ್ಲೇ ಕಾಯಂ ಆಗಿಬಿಡುತ್ತೇನೆ ಎಂದು. ಅದನ್ನು ಓದಿಸಿಕೊಂಡಾಗ ಹೊನ್ನವ್ವನಿಗೆ ಹೇಳಿದೆ, "ನೋಡವಾ, ಈರುಳ್ಳಿ ಬೆಳ್ಳುಳ್ಳಿ ತಿಂದ್ರ ಸ್ವಾಮಿಗಳ ಮುಂದ ಕೂಡ್ರಾಕ ಹೆದರೋನು ನಾನು. ನನಗ ಕಬಾಬ ನೋಡಾಕ ಹಚ್ಚ್ಯಾನ."

ಆದರೂ ನನ್ನನ್ನೇ ಯಾಕೆ ಕೇಳಿದ್ದೀ ಎಂದು ತಿಳಿಯದವನಲ್ಲ. ನಿನ್ನ ಅಂಗಡಿ ಎದುರು ನನ್ನ ಎಲೆ ಅಂಗಡಿ. ಒಂದು ಚೂರೂ ಬಾಯಿಗಿಡದೆ ಜೀವಮಾನದ ಹೊಗೆ ಕುಡಿದವನು ನಾನು. ಕೊಬ್ಬು ಕೆಂಡಕ್ಕೆ ಹನಿಯುವ ಸಪ್ಪಳದ ಮೇಲೆಯೇ ಉರಿ ಹೆಚ್ಚೋ ಕಡಿಮೆಯೋ ಹೇಳಬಲ್ಲೆ. ನೀನು ಗಿರಾಕಿಗಳೊಡನೆ ಹರಟುತ್ತ ಮೈಮರೆತಾಗಲೆಲ್ಲ "ಹಯಾತಾ, ಹೊತ್ತಾಕತ್ತೈತಿ ನೋಡೋ!" ಎಂದು ಈ ಕಡೆಯಿಂದ ಕೂಗುತ್ತಿದ್ದವನೂ ನಾನೇ. "ನಾಲಿಗೀಗೆ ಮುಟ್ಟಿಸ್ಲಾರದ ನನ್ನ ಉಸ್ತಾದ ಆಗ್ಯಾನ ನೋಡ್ರಿ" ಎಂದು ನೀನು ಎಲ್ಲರೆದುರು ನಗಾಡುತ್ತಿದ್ದೆ.

ಎಲೆಯ ಬುಟ್ಟಿಗಳನ್ನು ಹೇರಿಕೊಂಡು ಗಾಡಿ ಹೇಗೂ ಸಂತೆಗಳಿಗೆ ಹೋಗುತ್ತದಲ್ಲ, ಈ ಸಲ ನಾನೂ ಹತ್ತಿದೆ. ರುಚಿ ನೋಡಲು ಗಾಡಿ ಹೊಡೆಯುವ ಹಸನಸಾಬನನ್ನು ನೇಮಿಸಿದೆ. ಅವನಂಥ ಕೆಲಸಕ್ಕೆ ಬಾರದ ಪರೀಕ್ಷಕ ಇನ್ನೊಬ್ಬನಿಲ್ಲ. ಏನು ತಿನ್ನಿಸಿದರೂ "ಚಲೋ ಐತ್ರೀ" ಎನ್ನುತ್ತಾನೆ. ಹಳಸಿದ್ದಕ್ಕೂ ಚಲೋ, ಹಸಿಯಿದ್ದದ್ದಕ್ಕೂ ಚಲೋ. ಕೊನೆಗೆ ನನ್ನ ಮೂಗನ್ನೇ ನಂಬಿದೆ.

ಮೊದಲು ನಮ್ಮೂರಿನದೇ ಹೇಳಿಬಿಡುತ್ತೇನೆ, ನೀನು ಬೇಡವೆಂದಿದ್ದರೂ. ಅರಮನೆಯ ಹಾದಿಯಲ್ಲಿ ಹುಬ್ಬಳ್ಳಿ ಕಡೆಯವರು ದೊಡ್ಡ ಕಬಾಬಿನ ಅಂಗಡಿ ತೆರೆದಿದ್ದಾರೆ. ಹೆಸರು ಧಾರವಾಡದವರೆಗೂ ಹಬ್ಬಿದೆ, ಮೋಟಾರು ಮಾಡಿಕೊಂಡು ಬಂದು ತಿನ್ನುವವರಿದ್ದಾರಂತೆ. ಬಣ್ಣದ ಹಲಗೆ, ಕುರ್ಚಿ, ಗ್ರಾಮಫೋನು. ಹಾಡಿನ ಗದ್ದಲದಲ್ಲಿ ಕೆಂಡದ ಸಪ್ಪಳವೇ ಕೇಳುವುದಿಲ್ಲ. ಮಾಂಸ ಮೆತ್ತಗಾಗಲಿ ಎಂದು ಪರಂಗಿಕಾಯಿಯನ್ನು ಎಷ್ಟು ಸುರಿಯುತ್ತಾರೆಂದರೆ ಅದರ ಹಸಿ ವಾಸನೆ ಬೀದಿಗೇ ಬರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಪೈಕಿ. ತಿಂದ ಮೇಲೆ ಎಲೆ ಕೊಡುವ ಪದ್ಧತಿಯೂ ಅವರಲ್ಲಿಲ್ಲ. ನಮ್ಮ ಬಳ್ಳಿಯ ಎಲೆ ಕೊಡದೆ ನೀನು ಒಬ್ಬ ಗಿರಾಕಿಯನ್ನಾದರೂ ಏಳಲು ಬಿಟ್ಟಿದ್ದೆಯಾ?

ಶಿಗ್ಗಾವಿಯದು ಮೋಟಾರು ನಿಲ್ಲುವ ಹಾದಿಯ ಮೇಲಿದೆ. ಜನಕ್ಕೇನೂ ಕೊರತೆಯಿಲ್ಲ, ಆದರೆ ಎಲ್ಲರ ಒಂದು ಕಾಲು ಮೋಟಾರಿನ ಮೇಲೆ. ಕೆಂಡವಾಗುವ ತನಕ ಕಾಯದೆ ಉರಿಯ ಮೇಲೆಯೇ ಸಲಾಕಿ ಹಿಡಿಯುತ್ತಾರೆ. ಮೇಲೆ ಕರಿ, ಒಳಗೆ ಹಸಿ. ಪೆಟ್ರೋಲಿನ ನಾತ ಬೇರೆ. "ಇನ್ನೊಂದಿಷ್ಟು ತಡೀಬಾರದೇನಪಾ?" ಎಂದು ಕೇಳಿದ್ದಕ್ಕೆ ಅಂಗಡಿಯವ, "ಅಜ್ಜಾರ, ನಾ ತಡದ್ರ ಮೋಟಾರು ತಡೀಬೇಕಲ್ಲರಿ" ಎಂದ. ಅವನದೂ ಖರೆಯೇ. ಅಲ್ಲಿ ನಿನ್ನ ಕೈ ನಡೆಯುವುದಿಲ್ಲ. ಒಂದು ಸಲಾಕಿಗೆ ಒಂದು ಕಥೆ ಹೇಳುವವನು ನೀನು.

ಹಿರೇಕೆರೂರಿನದು ಅಂಗಡಿಯೇ ಅಲ್ಲ. ಸಂತೆಯ ಬೇವಿನ ಗಿಡದ ಕೆಳಗೆ ಹುಸೇನಬಿ ಎಂಬ ಗಂಡ ಸತ್ತ ಹೆಂಗಸು ಮೂರು ಕಲ್ಲು ಹೂಡಿ, ಸಂತೆಯ ದಿನ ಮಾತ್ರ ಕಬಾಬ ಸುಡುತ್ತಾಳೆ. ಹಯಾತಾ, ಗಾಡಿ ಇನ್ನೂ ಸಂತೆಯ ಆಚೆ ಇರುವಾಗಲೇ ಆ ಹೊಗೆ ನನ್ನನ್ನು ಹಿಡಿದು ನಿಲ್ಲಿಸಿತು. ಹುರಿದ ಕೊತ್ತಂಬರಿ, ಕೆಂಡದ ಮೇಲೆ ಒಂದು ಹನಿ ತುಪ್ಪ, ಆತುರವಿಲ್ಲದ ಸಪ್ಪಳ. ರೋಶನಬಿಯ ಕೈಯೇ ಅನಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯೆಂದು ಹಸನಸಾಬನಿಗೆ ಹೇಳಿದೆ.

ಅಲ್ಲಿಯೇ ನನ್ನದೊಂದು ಮಂಗಾಟ ಆಯಿತು. ಅವಳು ಹಸನಸಾಬನ ಮುಂದೆ ಮುತ್ತುಗದ ಎಲೆಯಲ್ಲಿ ಕಬಾಬ ಇಟ್ಟು, ನನಗೆ ಬೇರೆ ಎಲೆಯಲ್ಲಿ ಸೌತೆಕಾಯಿ ಹೆಚ್ಚಿಟ್ಟಿದ್ದಳು. ಹಳೆಯದೆಲ್ಲ ನೆನೆಯುತ್ತ ಕೂತಿದ್ದ ನಾನು ಸೌತೆಕಾಯಿಯೆಂದು ಕಬಾಬಿಗೇ ಕೈಹಾಕಿ ಬಾಯಿಯ ಹತ್ತಿರ ತಂದುಬಿಟ್ಟಿದ್ದೆ. ಆಕೆ ಗಪ್ಪನೆ ನನ್ನ ಮುಂಗೈ ಹಿಡಿದಳು.

"ಯಪ್ಪಾ, ಕೊಳ್ಳಾಗ ಲಿಂಗ ಐತಿ, ಕೈಯಾಗ ಏನ ಹಿಡದೀರಿ!"

ನಾನು ನಕ್ಕೆ, ಆಕೆ ನಗಲಿಲ್ಲ. ತಾನೇ ನೀರು ಹಾಕಿ ನನ್ನ ಕೈ ತೊಳೆಸಿದಳು. ಆಮೇಲೆ ಬೇರೆ ಮೂರು ಕಲ್ಲು ಹೂಡಿ, ಹೊಸ ಕಡ್ಡಿಗೆ ಬದನೆಕಾಯಿ ಚುಚ್ಚಿ ಸುಟ್ಟುಕೊಟ್ಟಳು. ನಿನ್ನ ಅಂಗಡಿಯಲ್ಲಿ ನನಗೆಂದೇ ಒಂದು ಸಲಾಕಿ ಬೇರೆ ಮೊಳೆಗೆ ತೂಗುತ್ತಿತ್ತಲ್ಲ, ಯಾರಾದರೂ ಮುಟ್ಟಿದರೆ ರೋಶನಬಿ ರಂಪ ಮಾಡುತ್ತಿದ್ದಳಲ್ಲ, ಅದು ನೆನಪಾಯಿತು.

ನಾಲ್ಕೂರಿನಲ್ಲಿ ಮೇಲಾದದ್ದು ಯಾವುದೆಂದರೆ ಆ ಬೇವಿನ ಗಿಡದ್ದೇ. ಆದರೆ ನೀನು ಹಿರೇಕೆರೂರಿಗೆ ಹೋಗಬಾರದು. ಸಂತೆಯ ಆ ಒಂದು ಹೊಗೆಯ ಮೇಲೆ ಆಕೆಯ ಮನೆ ನಡೆಯುತ್ತದೆ. ಪಕ್ಕದಲ್ಲಿ ನೀನು ಒಲೆ ಹೂಡಿದರೆ ನಾನೇ ಬಂದು ಅದಕ್ಕೆ ನೀರು ಸುರಿಯುತ್ತೇನೆ.

ಉಳಿದದ್ದು ಹಾನಗಲ್ಲು. ಆನಿಕೆರೆಯ ಹಾದಿಯಲ್ಲಿ ಮಲ್ಲಿಕಸಾಬರೆಂಬ ವಯಸ್ಸಾದವರ ಕಬಾಬಿನ ಅಂಗಡಿ. ಸಣ್ಣದು, ಹೊರಗಿನವರಿಗೆ ಹೆಸರೂ ಗೊತ್ತಿಲ್ಲ. ಆದರೆ ಮನುಷ್ಯ ನಿನ್ನ ಜಾತಿಯವನು, ಅಂದರೆ ಕೆಂಡದ ಜಾತಿ. ಬೀಸಣಿಗೆ ಬೀಸುವ ಸಪ್ಪಳದಲ್ಲಿಯೇ ತಾಳ ಇದೆ. ಈಗ ಅವರಿಗೆ ಕೂತರೆ ಏಳಲಾಗುವುದಿಲ್ಲ. ನಿನ್ನ ವಿಷಯ ತೆಗೆದೆ. ಬೀಸಣಿಗೆ ನಿಂತಿತು. "ಸವಣೂರ ಹಯಾತನ? ಅಂವ ಬರ್ತಾನಂದ್ರ ಒಲಿ ಬಿಟ್ಟು ಬಾಜೂಕ ಸರದ ಕುಂಡ್ರತೇನಿ. ಕಬಾಬ ಹೊತ್ತಿದ್ರ ಬೈಯಾಕ ನಾ ಇರ್ತೇನಲ್ಲ" ಎಂದರು. ಊರು ತಂಪು, ಕೆರೆಯ ಗಾಳಿ ನಿನ್ನ ಉಬ್ಬಸಕ್ಕೂ ಒಳ್ಳೆಯದು. ಎದುರು ಕೂತು ಬೈಯಲು ಒಬ್ಬರು ಸಿಕ್ಕರು, ನಿನಗೆ ಇನ್ನೇನು ಬೇಕು?

ಆದ್ದರಿಂದ ನನ್ನ ಮಾತು ಹಾನಗಲ್ಲು. ನೀನು ಹೂಂ ಎಂದು ಒಂದು ಸಾಲು ಬರೆದರೆ ಸಾಕು, ಮಲ್ಲಿಕಸಾಬರಿಗೆ ಸುದ್ದಿ ಕಳಿಸುತ್ತೇನೆ. ಎಲೆಯ ಬುಟ್ಟಿ ನಿನ್ನ ಅಂಗಡಿಗೆ ತಪ್ಪದೆ ಬರುತ್ತದೆ. ಅದರ ಜೊತೆ ನಾನೂ ಬಂದೇನು.

ಸವಣೂರಿನ ನಿನ್ನ ಅಂಗಡಿಯ ಚಿಂತೆ ಬೇಡ. ಕೀಲಿ ನನ್ನ ಹತ್ತಿರವೇ ಇದೆ. ಅಮಾವಾಸ್ಯೆಗೊಮ್ಮೆ ಬಾಗಿಲು ತೆಗೆದು ಗಾಳಿಯಾಡಿಸುತ್ತೇನೆ. ರೋಶನಬಿಯ ಒರಳುಕಲ್ಲು ಇದ್ದಲ್ಲೇ ಇದೆ. ಯಾರಿಗೂ ಮುಟ್ಟಗೊಟ್ಟಿಲ್ಲ.

ನಿನ್ನ ಒಲೆ ಎಲ್ಲಿ ಹೂಡಿದರೂ ಆರದಿರಲಿ, ನಿನ್ನ ಉಸಿರು ಸಲೀಸಾಗಲಿ. ಅಲ್ಲಾ ನಿನ್ನನ್ನು ಕಾಯಲಿ. ಅವನಿಗೆ ಪುರುಸೊತ್ತಾಗದಿದ್ದರೆ ನಮ್ಮ ಬಸವಣ್ಣ ಇದ್ದೇ ಇದ್ದಾನೆ.

ನಿನ್ನ,
ಕುಬೇರಪ್ಪ

ತಾ.ಕ.: ಹಯಾತ ಕಾಕಾ, ಇದು ಹೊನ್ನವ್ವ. ಈ ಸಾಲುಗಳು ಮಾವನವರು ಹೇಳಿದ್ದಲ್ಲ.

ಮಾವನವರಿಗೆ ಕಣ್ಣು ಕಾಣಿಸುವುದಿಲ್ಲ. ನೀವು ಊರು ಬಿಟ್ಟ ವರ್ಷವೇ ಮಸುಕಾಗತೊಡಗಿತ್ತು, ಹೋದ ಬೇಸಿಗೆಗೆ ಪೂರ್ತಿ ಹೋಯಿತು. ಮಿರಜಿನ ದವಾಖಾನೆಗೆ ಕರೆದೊಯ್ದು ತೋರಿಸಿದೆವು, ಇನ್ನು ಬೆಳಕು ಬರುವುದಿಲ್ಲ ಎಂದರು. ಕೈ ನಡುಗುತ್ತದೆ ಎಂದು ಬರೆಸಿದ್ದು ಸುಳ್ಳು. ಹಿರೇಕೆರೂರಿನಲ್ಲಿ ಕಬಾಬಿಗೆ ಕೈಹೋದದ್ದೂ ಮೈಮರೆತು ಅಲ್ಲ. ಹುಸೇನಬಿ ಕೈ ತೊಳೆಸುತ್ತ, "ಯಪ್ಪಾ, ಯಾವಾಗಿಂದ ಕಾಣವಲ್ದು?" ಎಂದು ಮೆಲ್ಲಗೆ ಕೇಳಿದಳಂತೆ. ಹಸನಸಾಬ ಬಂದು ನಮ್ಮ ಮುಂದೆ ಹೇಳಿ ಅತ್ತ.

ನಿಮಗೆ ತಿಳಿಸೋಣ ಎಂದರೆ, "ಬ್ಯಾಡವಾ. ಅಂವ ಕರುಣಿಗೆ ಬರಬಾರದು. ಆ ಅಂಗಡಿ ಕದ ತಗದ್ರ ಅವನ ಎದಿ ಒಡೀತೈತಿ" ಎನ್ನುತ್ತಾರೆ. ಆದರೆ ಕಾಕಾ, ಹಾನಗಲ್ಲು ಎಂದು ಬರೆಸುವಾಗ ಅವರು ನಿಮ್ಮ ಅಂಗಡಿಯ ಕೀಲಿಯನ್ನು ಕೈಯಲ್ಲಿ ತಿರುವುತ್ತ ಕೂತುಬಿಟ್ಟರು. ಮುಂದೇನು ಬರೆಯಲಿ ಎಂದು ನಾನೇ ಕೇಳಬೇಕಾಯಿತು.

ಈಗಲೂ ದಿನಾ ಸಂಜೆ ಎಲೆ ಅಂಗಡಿಯಲ್ಲಿ ನಿಮ್ಮ ಬಾಗಿಲ ಕಡೆಗೆ ಮುಖ ಮಾಡಿ ಕೂಡುತ್ತಾರೆ. ಮೊನ್ನೆ ಅರಮನೆ ಹಾದಿಯ ಅಂಗಡಿಯ ಹೊಗೆ ಗಾಳಿಗೆ ಈ ಕಡೆ ತಿರುಗಿತು. ಮಾವನವರು ಇದ್ದಕ್ಕಿದ್ದಂತೆ, "ಹಯಾತಾ, ಹೊತ್ತಾಕತ್ತೈತಿ ನೋಡೋ!" ಎಂದು ಕೂಗಿಬಿಟ್ಟರು. ಬೀದಿಯವರು ನಕ್ಕರು. ಅವರೂ ನಕ್ಕರು. ಮನೆಗೆ ಬಂದವರು ಊಟಕ್ಕೆ ಏಳಲಿಲ್ಲ.

ಊರು ಆರಿಸುವ ಮುಂಚೆ ಇದು ನಿಮಗೆ ಗೊತ್ತಿರಲಿ ಎಂದು ಬರೆದೆ. ಸಹಿ ಅವರೇ ಮಾಡಿದ್ದಾರೆ, ಗೆರೆ ಬಿಟ್ಟು ಕೆಳಗಿಳಿದದ್ದು ಅದಕ್ಕೇ. ಬರೆದದ್ದನ್ನೆಲ್ಲ ಒಮ್ಮೆ ಓದಿ ಹೇಳು ಎಂದರು. ಓದಿ ಹೇಳಿದೆ, ಸಹಿಯವರೆಗೆ.