ಮೂಲದ ಮೆಟ್ಟಿಲು

ನವೆಂಬರ್ ೯, ಭಾನುವಾರ

ಪ್ರೀತಿಯ ಮೆಣಸಿನಕಾಯಿಗೆ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತ ಈ ಅಣ್ಣನನ್ನು ಮೊದಲು ಬೈದುಬಿಡು, ಆಮೇಲೆ ಓದು. ಮಂಡಿನೋವು ಕಡಿಮೆಯಾಯಿತೇ? ನಾವು ಚೆನ್ನಾಗಿದ್ದೇವೆ. ಅಂದರೆ ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದಿದ್ದೇನೆ. "ಕಾಲಿಗೆ ಚಕ್ರ ಕಟ್ಕೊಂಡಿದೀರಾ? ನೆಲ ಸವೀತಿದೆ" ಅಂತ ಅವಳ ಗೊಣಗಾಟ.

ಕೆಲಸದ ಸುದ್ದಿ ಕೇಳು. ಹಳೇ ಬೀದಿಯ ಡಾಕ್ಟರ ಮನೆ ಈಗ ಆರೋಗ್ಯ ಕೇಂದ್ರವಾಗಲಿದೆ. ನಕ್ಷೆ ನನ್ನದು. ಹೌದು, ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ನಾವಿಬ್ಬರೂ ಹೊತ್ತೊಯ್ದ ಅದೇ ಮನೆ. ನೀನು ಆ ಬೀದಿಗೆ ಕಾಲಿಡದೆ ಇಪ್ಪತ್ತಾರು ವರ್ಷವಾಯಿತೆಂದು ಗೊತ್ತಿದ್ದೇ, ಒಪ್ಪಿಕೊಂಡಾಗ ನಿನಗೆ ಹೇಳಲಿಲ್ಲ.

ಒಳಗಿನ ಕೋಣೆಗಳೆಲ್ಲ ಸಲೀಸಾಗಿ ಹೊಂದಿಕೊಂಡವು. ತಂಟೆಯೆಲ್ಲ ಮುಂಬಾಗಿಲಿನದು. ಅಲ್ಲಿನ ಮೂರು ಕಲ್ಲು ಮೆಟ್ಟಿಲನ್ನು ಗಾಲಿಕುರ್ಚಿಯೂ ಹತ್ತದು, ಸ್ಟ್ರೆಚರೂ ಹತ್ತದು. ಆದರೆ ಹಳೇ ಬೀದಿ ಕಾಯುವ ಸಮಿತಿಯವರ ಪಟ್ಟಿಯಲ್ಲಿ ಮೆಟ್ಟಿಲಿನ ಮುಂದೆ ‘ಮೂಲ’ ಎಂದು ಬರೆದಿದೆ. ಮನೆ ಕಟ್ಟಿದಾಗಿನದು, ಮುಟ್ಟಕೂಡದು ಎಂದರ್ಥ. ಬೇರೆ ದಾರಿಯಿಲ್ಲದೆ ಹಿಂಬಾಗಿಲಿಂದ ದಾರಿ ಬರೆದೆ. ಎದುರುಗಡೆ ಚಪ್ಪಲಿ ಹೊಲಿಯುವ ಯಜಮಾನರು ನಕ್ಷೆ ನೋಡಿ, "ಕಾಯಿಲೆ ಬಂದೋರೇನು ಕಳ್ಳರಾ, ಹಿಂದಿನಿಂದ ನುಗ್ಗೋಕೆ?" ಅಂದರು. ನನ್ನ ಮುಖ ಸಪ್ಪಗಾಯಿತು.

ಹೋದ ಸೋಮವಾರ ಮೆಟ್ಟಿಲ ಪಕ್ಕ ಪಾಯ ನೋಡಲು ಅಗೆಯುತ್ತಿದ್ದ ಮೇಸ್ತ್ರಿ ಕೂಗಿದರು. "ಸಾರ್, ಮೂಲಾನೂ ಇಲ್ಲ, ಮಣ್ಣೂ ಇಲ್ಲ. ಇದು ಆಮೇಲೆ ತಂದು ಕೂರಿಸಿದ್ದು. ಕೆಳಗೆ ಇಳಿಜಾರಿದೆ ನೋಡಿ, ಹಜಾರದ ನೆಲದಡಿಗೂ ಹೋಗಿದೆ. ಗಾಡಿ ಹೋಗ್ತಿದ್ದ ದಾರಿ." ಬಗ್ಗಿ ನೋಡಿದೆ. ಚಕ್ರ ಸವೆಸಿದ ಎರಡು ಗೆರೆ ಕಣ್ಣಿಗೆ ರಾಚುವಂತಿದ್ದವು.

ಕುಣಿಯುತ್ತಾ ಸಮಿತಿಗೆ ಓಡಿದೆ. ಅಧ್ಯಕ್ಷೆ ಹಳೆಯ ಕಡತ ತೆಗೆದು, "ಯಾರ್ರೀ ಇದನ್ನ ಬರೆದ ಪುಣ್ಯಾತ್ಮ?" ಅಂದರು. ಕಡತವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದೆ. ಬಾಲ ಎಳೆದ ಆ ‘ಲ’ ನನ್ನದೇ. ಕಾಲೇಜಿನ ಕೊನೆಯ ವರ್ಷ ಆ ಬೀದಿಯ ಪಟ್ಟಿ ಮಾಡಿದ ತಂಡದಲ್ಲಿ ನಾನೂ ಇದ್ದೆನಲ್ಲ. ಬಿಸಿಲಿತ್ತು, ಹೊಟ್ಟೆ ಹಸಿದಿತ್ತು. ರಸ್ತೆಯ ಆಚೆಯಿಂದಲೇ ‘ಮೂಲ’ ಎಂದು ಗೀಚಿ ಊಟಕ್ಕೆ ಹೋಗಿದ್ದೆ. ಅಧ್ಯಕ್ಷೆಯೆದುರು ಬಾಯಿಗೆ ಬೀಗ ಹಾಕಿಕೊಂಡು ಬಂದೆ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ರೋಗಿಗಳಿಗೆ ಹಿಂಬಾಗಿಲೇ ಗತಿ. ನಾಲ್ಕು ದಿನ ಒದ್ದಾಡಿದೆ.

ಶುಕ್ರವಾರ ಹೋಗಿ "ಬರೆದೋನು ನಾನೇ" ಅಂದೆ. ಅವರು ನಕ್ಕರು. "ಒಂದು ಪದ ತಾನೇ ಸಾರ್, ತಿದ್ದಿದ್ರಾಯ್ತು" ಅಂತ ಅಲ್ಲೇ ಹೊಡೆದುಹಾಕಿ ಸಹಿ ಮಾಡಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ನಾಳೆ ಬೆಳಗ್ಗೆ ಮೆಟ್ಟಿಲು ಕೀಳುತ್ತಾರೆ. ಖುಷಿಯಾಗಬೇಕಿತ್ತು, ಆಗುತ್ತಿಲ್ಲ.

ಭಾವನನ್ನು ಕೇಳಿದೆನೆಂದು ಹೇಳು. ನೀನೂ ಮಕ್ಕಳೂ ತಣ್ಣಗಿರಿ.

ನಿನ್ನ
ಅಣ್ಣ

ತಾ.ಕ.: ಅದೇ ಕಡತದಲ್ಲಿ ಡಾಕ್ಟರು ಬರೆದ ಅರ್ಜಿಯೊಂದಿತ್ತು. ರೋಗಿಗಳಿಗೆ ಹತ್ತಲಾಗುತ್ತಿಲ್ಲ, ಮೆಟ್ಟಿಲು ತೆಗೆಸಲು ಅಪ್ಪಣೆ ಕೊಡಿ ಎಂದು. ‘ಮೂಲವಾದ್ದರಿಂದ ಸಾಧ್ಯವಿಲ್ಲ’ ಎಂಬ ಉತ್ತರ ಅದರ ಮೇಲೇ ಇದೆ. ತಾರೀಖು ನೋಡಿದೆ. ನಾವು ಅಪ್ಪನನ್ನು ಹೊತ್ತೊಯ್ದದ್ದಕ್ಕೆ ಐದು ತಿಂಗಳು ಮುಂಚಿನದು. ಎರಡನೆಯ ಮೆಟ್ಟಿಲಲ್ಲಿ ಕುರ್ಚಿ ವಾಲಿತು, ಅಪ್ಪ ಬಿದ್ದರು, ಮತ್ತೆ ಏಳಲಿಲ್ಲ. ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದೆ: "ಸರಿಯಾಗಿ ಹಿಡ್ಕೊಳ್ಳೋಕೂ ಬರಲ್ವಾ ನಿಂಗೆ?" ಆ ಮಾತನ್ನು ಇವತ್ತಿನವರೆಗೆ ವಾಪಸು ತೆಗೆದುಕೊಂಡಿಲ್ಲ. ಸರಿಯಾಗಿ ನೋಡದೆ ಬರೆದವನು ನಾನು. ನೀನು ಸರಿಯಾಗಿಯೇ ಹಿಡಿದಿದ್ದೆ, ಮೆಣಸಿನಕಾಯಿ.