ಅರಸಿನ ಕುಡಿದ ಕಾರು

ಬೆಟ್ಟಂಪಾಡಿ
12-2-1985

ಚಿ. ಸೌ. ಹರಿಣಾಕ್ಷಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ತಡವಾಯಿತೆಂದು ಸಿಟ್ಟು ಮಾಡಿಕೊಳ್ಳಬೇಡ ಮಗಾ. ಪೆನ್ನು ಹಿಡಿದು ಕೂತರೆ ಸಾಕು, ಅಂಗಳದಿಂದ ನಿನ್ನ ಅಪ್ಪ "ಪಂಕಜಾ, ಸ್ವಲ್ಪ ಬಾ, ಇದನ್ನೊಮ್ಮೆ ಒತ್ತಿ ಹಿಡಿ" ಎಂದು ಕರೆಯುತ್ತಾರೆ. ನಾನು ಕಾರಿನ ಬ್ರೇಕು ತುಳಿದು ಕೂರಬೇಕು, ಅವರು ಕಾರಿನಡಿಯಲ್ಲಿ ಮಲಗಿ ಏನೋ ತಿರುಗಿಸಬೇಕು. ಈ ಪ್ರಾಯದಲ್ಲಿ ಯಾವ ಹೆಂಗಸಿಗೆ ಇಂಥ ಉದ್ಯೋಗ ಉಂಟು ಹೇಳು. ಕೈಗೆ ಹತ್ತಿದ ಗ್ರೀಸು ಸೀಗೆಪುಡಿಗೂ ಹೋಗುವುದಿಲ್ಲ. ಈ ಕಾಗದಕ್ಕೆ ಅದರ ವಾಸನೆ ಇದ್ದರೆ ನಿನ್ನ ಅತ್ತೆಯವರು ಎಂತ ಗ್ರಹಿಸುತ್ತಾರೋ.

ವಾಂತಿ ನಿಂತಿತೆಂದು ಓದಿ ಸಮಾಧಾನವಾಯಿತು. ಪುನರ್ಪುಳಿ ಸಾರು ಮಾಡಿ ಕುಡಿ. ಭಾರದ ಕೊಡಪಾನ ಎತ್ತಬೇಡ.

ಬರುವ ತಿಂಗಳು ನಿನ್ನ ಬಯಕೆ ಶಾಸ್ತ್ರ ಮುಗಿಸಿ ಚೊಚ್ಚಲ ಹೆರಿಗೆಗೆ ಇಲ್ಲಿಗೆ ಕರೆತರಬೇಕಲ್ಲ, ಈಗ ಅದೇ ನನ್ನ ತಲೆನೋವು. ಆಲಂಕಾರಿನಿಂದ ನಿನ್ನನ್ನು ನಮ್ಮ ಹಳೆ ಕಾರಿನಲ್ಲೇ ತರುವುದೆಂದು ನಿನ್ನ ಅಪ್ಪ ಹಟ ಹಿಡಿದಿದ್ದಾರೆ. "ಮಗಳನ್ನು ತರ್ಲಿಕ್ಕೆ ಬಾಡಿಗೆ ಗಾಡಿ ಎಂತಕ್ಕೆ? ನಮ್ಮದೇ ಉಂಟಲ್ಲ" ಎನ್ನುತ್ತಾರೆ. ಉಂಟು, ಇಲ್ಲ ಎಂದವರು ಯಾರು? ನಿಲ್ಲಲಿಕ್ಕೆ ಉಂಟು, ಓಡಲಿಕ್ಕೆ ಇಲ್ಲ. ಸಂಪಾಜೆಯ ಎಸ್ಟೇಟಿನವರು ಗುಜರಿಗೆ ಹಾಕಲು ಹೊರಟಿದ್ದ ಬ್ರಿಟಿಷರ ಕಾಲದ ಗಾಡಿ ಅದು. ನಿನಗೆ ಮೂರು ವರ್ಷವಾಗಿದ್ದಾಗ ಇವರು ಅದನ್ನು ಮೆರವಣಿಗೆಯಲ್ಲಿ ತಂದ ಹಾಗೆ ತಂದರು. ಈಗ ಅದರಲ್ಲಿ ಹುಟ್ಟಿನಿಂದ ಬಂದದ್ದೆಂದು ಉಳಿದಿರುವುದು ಹಾರ್ನು ಒಂದೇ. ಅದೂ ಮಳೆಗಾಲದಲ್ಲಿ ಕೂಗುವುದಿಲ್ಲ.

ಈ ಸಲದ ಕಥೆ ಕೇಳು. ದೀಪಾವಳಿಗೆ ಕಾರು ಚಾಲೂ ಮಾಡಲು ಮುಂದಿನ ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಇವರ ಮಣಿಕಟ್ಟು ಉಳುಕಿತು. ಕೈ ಗುಣವಾಗುವಾಗ ಕಾರಿನೊಳಗಿನ ಪೆಟ್ರೋಲು ಪಂಪು ಕೈಕೊಟ್ಟಿತು. ಮಂಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಯಾವುದೋ ಜೀಪಿನದನ್ನು ತಂದು ಕೂರಿಸಿದರು. ಅದು ಕೂತಿತು ಅನ್ನುವಾಗ ಇಂಜಿನಿನ ಸಂದಿಗೆ ಹಾಕುವ ಪ್ಯಾಕಿಂಗ್ ಹೋಯಿತು. ಹೊಸತು ಸಿಗಲಿಲ್ಲವೆಂದು ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಕತ್ತರಿಸಿ ಹಾಕಿದರು. ನಮ್ಮವರಿಗೆ ಹಾಳೆಯಲ್ಲಿ ಆಗದ ಕೆಲಸ ಉಂಟೇ? ತಲೆಗೆ ಮುಟ್ಟಾಳೆಯೂ ಹಾಳೆಯದ್ದು, ಬೀಸಣಿಗೆಯೂ ಹಾಳೆಯದ್ದು, ಈಗ ಇಂಜಿನಿಗೂ ಹಾಳೆ. ಅರ್ಧ ಮೈಲು ಓಡಿತು. ಆಮೇಲೆ ಊರಿಡೀ ಸುಟ್ಟ ವಾಸನೆ. ನೆರೆಯ ಸಂಕಪ್ಪಣ್ಣ ಎತ್ತು ಕಟ್ಟಿ ಎಳೆದು ತಂದ. ನನಗೆ ನಗು ಬಂತು, ಆದರೆ ಇವರ ಮುಖ ನೋಡಿ ನಗಲು ಮನಸ್ಸಾಗಲಿಲ್ಲ. "ಮಾಡುವ, ಸರಿಯಾಗ್ತದೆ" ಎಂದರು. ವರ್ಷಗಟ್ಟಲೆಯಿಂದ ಇದೊಂದೇ ಮಾತು ಕೇಳುತ್ತಿದ್ದೇನೆ. ನನಗೆ ಸಾಕಾಗಿದೆ ಮಗಾ, ನಿಜವಾಗಿ ಸಾಕಾಗಿದೆ.

ಕಡೆಗೆ ಪುತ್ತೂರಿನಿಂದ ಮೆಕ್ಯಾನಿಕ್ ಕಬೀರನನ್ನು ಕರೆಸಿದೆವು. ಪಾಪದ ಹುಡುಗ, ಎಲ್ಲಿಂದಲೋ ಪ್ಯಾಕಿಂಗ್ ತಂದು ಹಾಕಿ, ಎಲ್ಲ ನೋಡಿ, "ರೈಗಳೇ, ಈಗ ರೇಡಿಯೇಟರ್ ಸೋರುದು ಮಾತ್ರ. ಒಂದು ಮುಷ್ಟಿ ಅರಸಿನ ಪುಡಿ ಹಾಕುವ, ತೂತು ಮುಚ್ಚಿ ಹೋಗ್ತದೆ" ಎಂದ. ಈ ಕಡೆ ಎಲ್ಲರೂ ಮಾಡುವ ಉಪಾಯ ಅದು. ನಿನ್ನ ಅಪ್ಪ ಕೈಯಲ್ಲಿದ್ದ ಸ್ಪ್ಯಾನರು ಬಿಸಾಡಿ, "ಅರಸಿನದ ಸುದ್ದಿ ಎತ್ತುದಾದ್ರೆ ನನ್ನ ಅಂಗಳಕ್ಕೆ ಬರುದು ಬೇಡ" ಎಂದರು. ಜೋರಾಗಿ ಮಾತಾಡದ ಮನುಷ್ಯ. ಕಬೀರ್ ಸಾಮಾನು ಕಟ್ಟಿ ಹೊರಟ. ಚಾ ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಆ ರೇಡಿಯೇಟರ್ ಬೆಸುಗೆಗೆಂದು ಪೇಟೆಗೆ ಹೋಗಿ ನಿನ್ನೆಯಷ್ಟೇ ಬಂತು.

ಇಷ್ಟೆಲ್ಲ ಬರೆದದ್ದು ಒಂದು ಮಾತಿಗಾಗಿ. ನೀನು ಆ ಕಾರು ಹತ್ತಬೇಡ. ನಿನ್ನ ಅತ್ತೆಯವರಿಂದ ಒಂದು ಕಾಗದ ಬರೆಸು: ಹಳೆ ಗಾಡಿ ಕುಲುಕುತ್ತದೆ, ಬಸುರಿಗೆ ಆಗದು, ಟ್ಯಾಕ್ಸಿ ತನ್ನಿ ಎಂದು. ಬೀಗರ ಮಾತನ್ನು ಇವರು ತೆಗೆದುಹಾಕುವುದಿಲ್ಲ. ನಾನು ಹೇಳಿಸಿದ್ದೆಂದು ಮಾತ್ರ ತಿಳಿಯಬಾರದು. ನಾಳೆ ಪೇಟೆಗೆ ಹೋಗಿ ಟ್ಯಾಕ್ಸಿಯ ಮೊಯ್ದಿನಬ್ಬನಿಗೆ ಹೇಳಿ ಬರುತ್ತೇನೆ.

ಅಳಿಯಂದಿರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನೂ ನಿನ್ನ ಹೊಟ್ಟೆಯಲ್ಲಿರುವುದನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ ಅಮ್ಮ,
ಪಂಕಜಾಕ್ಷಿ

ವಿ. ಸೂ.: ಅಂಟಿಸಿದ್ದ ಕಾಗದವನ್ನು ಬಿಚ್ಚಿ ಮರುದಿನ ಬರೆಯುತ್ತಿದ್ದೇನೆ. ಅತ್ತೆಯವರಿಂದ ಏನೂ ಬರೆಸಬೇಡ.

ನಿನಗೆ ಹೇಳದೆ ಉಳಿಸಿದ್ದೊಂದು ಉಂಟು. ನಿನಗೆ ಐದು ವರ್ಷ. ನಾನು ತುಂಬಿದ ಬಸುರಿ. ಮಗುವಿನ ಕಾಲು ಮುಂದಾಗಿದೆ, ಬೇಗ ಆಸ್ಪತ್ರೆಗೆ ಹೋಗಿ ಎಂದು ಸೂಲಗಿತ್ತಿ ಹೇಳಿದಳು. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಪುತ್ತೂರಿಗೆ ಹೊರಟೆವು. ರೇಡಿಯೇಟರ್ ಸೋರುತ್ತಿತ್ತು. ಒಂದು ಮುಷ್ಟಿ ಸಾಲದೆಂದು ನಿನ್ನ ಅಪ್ಪ ಅರಸಿನದ ಡಬ್ಬವನ್ನೇ ಸುರಿದಿದ್ದರು, ದಾರಿಯಲ್ಲಿ ತೊಂದರೆ ಆಗಬಾರದೆಂದು. ಸಂಟ್ಯಾರಿನ ಏರಿನಲ್ಲಿ ಎಲ್ಲ ಕಟ್ಟಿಕೊಂಡು ಇಂಜಿನು ಕುದಿದು ನಿಂತಿತು. ಹಳದಿ ನೀರು ರಸ್ತೆಯಲ್ಲಿ ಹರಿಯಿತು. ನಿನ್ನ ತಮ್ಮ ಆ ಹಿಂದಿನ ಸೀಟಿನಲ್ಲೇ ಹುಟ್ಟಿದ. ಅಳಲಿಲ್ಲ. ಪಾಪು ಎಲ್ಲಿ ಎಂದು ನೀನು ಕೇಳುತ್ತಿದ್ದೆ, ನಾವು ಬೇರೆ ಮಾತು ತೆಗೆಯುತ್ತಿದ್ದೆವು. ನಾನು ಇವರಿಗೆ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಆ ಕಾರು ಎಂದೋ ಗುಜರಿಗೆ ಹೋಗುತ್ತಿತ್ತೋ ಏನೋ.

ಇವತ್ತು ಮೊಯ್ದಿನಬ್ಬನಲ್ಲಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ರೈಗಳು ಮೊನ್ನೆಯೇ ಹೇಳಿ ಹೋಗಿದ್ದಾರಲ್ಲ ಅಕ್ಕ" ಎಂದ. "ಅವರ ಕಾರು ಮುಂದೆ ಹೋಗುದು, ನಾನು ಖಾಲಿ ಟ್ಯಾಕ್ಸಿ ಹಿಡ್ಕೊಂಡು ಹಿಂದೆ ಸ್ವಲ್ಪ ದೂರದಲ್ಲಿ ಬರುದು. ಅದು ನಿಂತ್ರೆ ಮಗಳನ್ನು ಕೂರಿಸ್ಕೊಂಡು ಸೀದಾ ಹೋಗ್ಬೇಕಂತೆ, ಅವರಿಗೆ ಕಾಯುದು ಬೇಡಂತೆ. ನಿಮಗೆ ಹೇಳ್ಬಾರ್ದು ಅಂದಿದ್ರು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ, ಆಯ್ತಾ?"

ಆದ್ದರಿಂದ ಅಪ್ಪನ ಕಾರಿನಲ್ಲೇ ಬಾ ಮಗಾ. ಮುಂದೆ ಅವರ ಪಕ್ಕ ಕೂರು. ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ಆ ದಿನದ ನಂತರ ಆ ಸೀಟಿನಲ್ಲಿ ನಾನು ಕೂತವಳಲ್ಲ. ಸಂಟ್ಯಾರು ದಾಟುವವರೆಗೆ ಅವರೊಡನೆ ಏನಾದರೂ ಮಾತಾಡುತ್ತಾ ಇರು. ಹಿಂದೆ ಟ್ಯಾಕ್ಸಿ ಬರುತ್ತಿರುವುದು ಕಂಡರೂ ಕಾಣದವಳ ಹಾಗೆ ಇರು.