ಒಗೆಯದೆ ಬಂದ ಅಂಗಿ

ನನ್ನ ಮುದ್ದಿನ ಗಂಟುಮೋರೆಯೇ,

ನಿನ್ನ ಬಟ್ಟೆಯ ಚೀಲ ಬೆಳಿಗ್ಗೆ ನಮ್ಮ ಲಾಂಡ್ರಿಯ ವ್ಯಾನಿನಲ್ಲಿ ಬಂತು. ಎಂದಿನಂತೆ ಒಂದೊಂದೇ ಅಂಗಿಯ ಕಾಲರ್ ಹಿಡಿದು ಮೂಸಿ ಬೇರೆ ಬೇರೆ ಬುಟ್ಟಿಗೆ ಹಾಕಿದೆ. ಕೊನೆಗೆ ಕೈಗೆ ಸಿಕ್ಕಿದ ಬೂದುಬಣ್ಣದ ಅಂಗಿಯನ್ನು ಮಾತ್ರ ಇನ್ನೂ ಹಾಕಿಲ್ಲ. ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಬೈಗುಳದ ಪತ್ರವಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು 'ಹ್ಞೂಂ', 'ಸರಿ' ಬಿಟ್ಟು ಬೇರೆ ಮಾತಾಡುವುದಿಲ್ಲ, ಮಾತಾಡಲು ನಾನೂ ಬಿಡುವುದಿಲ್ಲ.

ನನ್ನ ಮೂಗಿನ ಬಗ್ಗೆ ನನಗೆಷ್ಟು ಜಂಬವಿತ್ತೆಂದು ನಿನಗಿಂತ ಚೆನ್ನಾಗಿ ಬಲ್ಲವರಾರು? ಹೋಟೆಲಿನವರ ಏಪ್ರನ್, ನರ್ಸಮ್ಮನ ಕೋಟು, ಮೆಕ್ಯಾನಿಕ್ಕನ ಪ್ಯಾಂಟು, ಎಲ್ಲವನ್ನೂ ಕಣ್ಣುಮುಚ್ಚಿ ಮೂಸಿ ಯಾರದೆಂದು ಹೇಳುತ್ತಿದ್ದೆ. ಹೊಗೆಯೆಂದರೆ ಮಾತ್ರ ನನಗೆ ಗೊತ್ತಿದ್ದದ್ದು ನಿಮ್ಮಪ್ಪನ ಸಿಗರೇಟಿನದೊಂದೇ. ಎರಡು ಸಲ ಒಗೆದರೂ ಬಿಡದ ಹಟಮಾರಿ ವಾಸನೆ, ಥೇಟ್ ಅವರ ಹಾಗೆಯೇ. ಹಾಗಾಗಿ ನಿನ್ನ ಅಂಗಿಗಳಿಂದ ಸ್ಟ್ರಾಬೆರಿಯ ಸಿಹಿ ಪರಿಮಳ ಬರತೊಡಗಿದಾಗ ಅದು ಹೊಗೆಯೆಂದು ನನಗೆ ಹೊಳೆಯಲೇ ಇಲ್ಲ. ಯಾರೋ ಹುಡುಗಿಯ ಸೆಂಟು ಎಂದುಕೊಂಡೆ. ಸೊಸೆ ಬಂದೇಬಿಟ್ಟಳೆಂದು ಒಳಗೊಳಗೇ ಕುಣಿದೆ. ಬಾಯಿ ಕಟ್ಟಿಕೊಂಡಿರಲಾರದೆ ನಿನ್ನ ಚಿಕ್ಕಮ್ಮನ ಕಿವಿಗೆ ಹಾಕಿದೆ. ಸಂಜೆಯೊಳಗೆ ಅವಳು ಮೊಮ್ಮಕ್ಕಳ ಹೆಸರಿನವರೆಗೆ ಹೋಗಿದ್ದಳು. "ಯಾರೋ ಅದು, ಹಣ್ಣಿನಂಗಡಿಯವರ ಮಗಳಾ?" ಎಂದು ನಾನು ಕಾಲೆಳೆದಾಗ ನಿನ್ನ ಮುಖ ಕೆಂಪಾಯಿತು. ಮರುದಿನದಿಂದ ನಿನ್ನ ಅಂಗಿಗಳನ್ನು ನೀನೇ ಒಗೆದುಕೊಳ್ಳತೊಡಗಿದೆ. ಲಾಂಡ್ರಿಯವಳ ಮಗ ಬಚ್ಚಲಲ್ಲಿ ಕದ್ದು ಅಂಗಿ ಒಗೆಯುತ್ತಾನೆಂದರೆ ಪ್ರೀತಿಯಲ್ಲದೆ ಇನ್ನೇನು ಎಂದು ನಾನು ಮತ್ತಷ್ಟು ಹಿಗ್ಗಿದೆ.

ನೀನು ಊಟ ಅರ್ಧಕ್ಕೇ ಬಿಟ್ಟೇಳುತ್ತಿದ್ದದ್ದು, ಕೆಲಸಕ್ಕೆ ಹೊರಟವನು ಬೂಟು ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಡುತ್ತಿದ್ದದ್ದು, ಎಲ್ಲವನ್ನೂ ಆ ಹುಡುಗಿಯ ತಲೆಗೇ ಕಟ್ಟಿದೆ.

ಆ ಮಧ್ಯಾಹ್ನ ನೆನಪಿದೆಯಲ್ಲ? ಕಾಲ್‌ಸೆಂಟರಿನಿಂದ ಕೆಲಸದ ನಡುವೆಯೇ ಎದ್ದು ಬಂದವನು ನಮ್ಮ ಅಂಗಡಿಯ ಇಸ್ತ್ರಿ ಮೇಜಿನ ಹಿಂದೆ ಕುಸಿದು ಕೂತೆ. "ಅಮ್ಮಾ, ಉಸಿರು ಸಿಗ್ತಿಲ್ಲ" ಎಂದೆ. ನಾನು ಎದೆ ನೀವುತ್ತಿದ್ದಾಗ ನಿನ್ನ ಜೇಬಿನಿಂದ ಪುಟ್ಟದೊಂದು ಹೊಳೆಯುವ ಕೊಳವೆ ಬಿತ್ತು. ನಾನೆಂಥ ಬೆಪ್ಪುತಕ್ಕಡಿ ನೋಡು, "ಅವಳ ಲಿಪ್‌ಸ್ಟಿಕ್ ಬಿತ್ತು ಕಣೋ" ಎಂದೆ. ಆ ಏದುಸಿರಿನಲ್ಲೂ ನಿನಗೆ ನಗು ಬಂತು, ನಗುತ್ತಲೇ ಅತ್ತುಬಿಟ್ಟೆ. "ಯಾವ ಅವಳೂ ಇಲ್ಲಮ್ಮ. ಅದು ವೇಪು, ಬ್ಯಾಟರಿ ಸಿಗರೇಟು, ನಾನು ಸೇದೋದು. ಆ ಸ್ಟ್ರಾಬೆರಿ ವಾಸನೆ ಇದರದ್ದೇ. ಸೇದಿದ್ರೆ ಸ್ವಲ್ಪ ಹೊತ್ತು ತಲೆ ಸುಮ್ನಿರುತ್ತೆ. ಆಮೇಲೆ ಭಯ ಇನ್ನೂ ಜೋರಾಗಿ ಬರುತ್ತೆ. ಬೆಳಿಗ್ಗೆ ಎದ್ದೇಳೋಕೇ ಭಯ ಆಗುತ್ತೆ."

ಬೈಯಲೆಂದು ಬಾಯಿ ತೆರೆದೆ. ಇಷ್ಟು ದಿನ ಇದನ್ನೆಲ್ಲ ಒಬ್ಬನೇ ಹೊತ್ತು ತಿರುಗಿದ್ದೀಯ ಎಂದು ಹೊಳೆದು ಬಾಯಿ ತಾನಾಗಿ ಮುಚ್ಚಿತು. ಅಂಗಡಿಯ ಬಾಗಿಲೆಳೆದು, ಗಿರಾಕಿಗಳು ಬಡಿದರೂ ತೆಗೆಯದೆ, ಬಿಸಿ ಬೆಡ್‌ಶೀಟುಗಳ ರಾಶಿಗೆ ಒರಗಿ ಇಬ್ಬರೂ ಕೂತೆವು. ಇಲ್ಲದ ಸೊಸೆಗಾಗಿ ನಾನೂ ಸ್ವಲ್ಪ ಅತ್ತೆ, ಈಗ ಹೇಳಬಹುದು.

ನಾವಿಬ್ಬರೂ ಹೋಗಿ ಕಂಡ ಮನಸ್ಸಿನ ಡಾಕ್ಟರಮ್ಮ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಭಯಕ್ಕೆ ಅಂತ ಸೇದ್ತೀಯ, ಸೇದಿದ್ದಕ್ಕೇ ಭಯ ಹೆಚ್ಚುತ್ತೆ. ಎರಡನ್ನೂ ಒಟ್ಟಿಗೆ ನೋಡ್ಕೊಳ್ಳೋಣ. ಮಧ್ಯೆ ಎಲ್ಲಾದ್ರೂ ಜಾರಿದ್ರೆ ಮುಚ್ಚಿಡಬೇಡ, ಮನೇಲಿ ಯಾರಿಗಾದ್ರೂ ಹೇಳು." ಆಮೇಲೆ ನೀನು ಆ ಕೆಲಸ ಬಿಟ್ಟು ಸೈಕಲ್ ರಿಪೇರಿ ಅಂಗಡಿ ಸೇರಿದೆ, ಅದರ ಮೇಲಿನ ಕೋಣೆಗೇ ವಾಸ ಬದಲಿಸಿದೆ. ತಿಂಗಳುಗಟ್ಟಲೆ ನಿನ್ನ ಅಂಗಿಗಳಿಂದ ಬರೀ ಗ್ರೀಸು, ಬೆವರು. ಗ್ರೀಸಿನ ಕಲೆ ಉಜ್ಜುತ್ತಾ ಹಾಡು ಗುನುಗುವವಳು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ನಿನ್ನ ಚಿಕ್ಕಮ್ಮ ಮಾತ್ರ ಇಂದಿಗೂ ಹಣ್ಣಿನಂಗಡಿಯವರ ಮಗಳನ್ನು ಹುಡುಕುತ್ತಿದ್ದಾಳೆ.

ಇವತ್ತು ಈ ಬೂದು ಅಂಗಿಯಲ್ಲಿ ಮತ್ತೆ ಸ್ಟ್ರಾಬೆರಿ. ಎದೆ ಧಸಕ್ಕೆಂದದ್ದು ನಿಜ. ಚೀಲ ಬದಿಗಿಟ್ಟು ಕಾಲರನ್ನು ಮತ್ತೊಮ್ಮೆ ಮೂಸಿದೆ. ಆಮೇಲೆ ಯೋಚಿಸಿದೆ: ನಿನ್ನ ಕೋಣೆಯಲ್ಲಿ ನಲ್ಲಿಯಿದೆ, ಬಕೆಟ್ಟಿದೆ, ನಾನೇ ಕಳಿಸಿದ ಸೋಪಿದೆ. ಅಂದಿನಂತೆ ಒಗೆದು ಹಾಕಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಮ್ಮ ಕಾಲರ್ ಮೂಸದೆ ಬಿಡುವವಳಲ್ಲ ಎಂದು ಗೊತ್ತಿದ್ದೂ ಹಾಗೆಯೇ ಕಳಿಸಿದ್ದೀಯ. ಹೇಳಿದ್ದೀಯ ಕಣೋ. ನನಗೆ ಕೇಳಿಸಿತು. ಜಾರಿದ್ದಕ್ಕೆ ಬೇಸರವಿದೆ, ಸುಳ್ಳಾಡಲಾರೆ. ಆದರೆ ನನ್ನ ಮಗ ಬಚ್ಚಲ ಬಾಗಿಲು ಹಾಕಿಕೊಳ್ಳಲಿಲ್ಲವಲ್ಲ ಎಂಬ ನೆಮ್ಮದಿ ಅದಕ್ಕಿಂತ ದೊಡ್ಡದು.

ಭಾನುವಾರ ಬಾ. ಡಾಕ್ಟರಮ್ಮನ ಹತ್ತಿರ ಹೋಗಬೇಕೆನಿಸಿದರೆ ಜೊತೆಗೆ ಬರುತ್ತೇನೆ. ಇಲ್ಲದಿದ್ದರೆ ಬೆಡ್‌ಶೀಟುಗಳಂತೂ ಇದ್ದೇ ಇವೆ, ಒರಗಿ ಕೂರೋಣ. ಈ ಅಂಗಿಯನ್ನು ಈಗ ಬುಟ್ಟಿಗೆ ಹಾಕುತ್ತೇನೆ. ಒಗೆದು, ಇಸ್ತ್ರಿ ಮಾಡಿ ಇಟ್ಟಿರುತ್ತೇನೆ.

ಎದೆ ತುಂಬ ಉಸಿರಾಡಿಕೊಂಡಿರು, ಕಂದಾ. ಯಾವ ವಾಸನೆಯದಾದರೂ ಸರಿ, ಒಗೆಯದೇ ಕಳಿಸು.

ಸೊಸೆಯಿಲ್ಲದ ಅತ್ತೆ,
ನಿನ್ನ ಅಮ್ಮ